ಗುಂಯ್ ಅಂತೈತೆ, ಮಾತಾಡಲ್ಲ: ವಾಲ್ವ್ ರೇಡಿಯೋದ ಆಸಿಲೇಟರ್ ನಿಂತುಹೋದಾಗ

ಚಿತ್ರದುರ್ಗದ ಮಾವನ ಮನೆಯಿಂದ ಒಂದು ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬರುವ ಮುಂಚಿನ, ಗಾಜಿನ ಬುರುಡೆಗಳಿಂದ ಓಡುವ ರೇಡಿಯೋ) ದಾವಣಗೆರೆಯ ನಮ್ಮ ಮನೆಗೆ ಬಂತು. ಕಾರಿನ ಹಿಂದಿನ ಸೀಟಲ್ಲಿ, ಹಳೇ ಕೌದಿ ಸುತ್ತಿಕೊಂಡು. ಇಳಿಸಿಕೊಳ್ಳುವಾಗಲೇ ಮಾವ ರೋಗದ ವಿವರ ಕೊಟ್ಟರು. "ದೀಪ ಹತ್ತುತ್ತೆ ಕಣಪ್ಪ, ಗುಂಯ್ ಅಂತೈತೆ, ಆದ್ರೆ ಮಾತಾಡಲ್ಲ. ಒಬ್ರು ವಾಲ್ವ್ ಹೋಗೈತೆ ಅಂದ್ರು, ಇನ್ನೊಬ್ರು ಸ್ಪೀಕರ್ ಅಂದ್ರು."

ಅವರ ಆ ಒಂದು ಮಾತಿನಲ್ಲೇ ಅರ್ಧ ಪರೀಕ್ಷೆ ಮುಗಿದಿತ್ತು. ಗುಂಯ್ ಅನ್ನುತ್ತೆ ಅಂದರೆ ಸ್ಪೀಕರ್ ಸರಿ ಇದೆ. ದೀಪ ಹತ್ತುತ್ತೆ ಅಂದರೆ ಟ್ರಾನ್ಸ್‌ಫಾರ್ಮರ್ ಸರಿ ಇದೆ. ವಾಲ್ಯೂಮ್ ಕಂಟ್ರೋಲ್‌ನ ನಡುವಿನ ಕಾಲಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದೆ. ಗುರ್ರ್ ಅಂತ ಜೋರಾಗಿ ಕೂಗಿತು. ಆಡಿಯೋ ಭಾಗಕ್ಕೂ ಏನೂ ಆಗಿಲ್ಲ. ಡಯಲ್ ಮುಳ್ಳನ್ನು ಆ ತುದಿಯಿಂದ ಈ ತುದಿಗೆ ಓಡಿಸಿದೆ. ಎಲ್ಲೆಡೆ ಒಂದೇ ತರದ ಸಣ್ಣ ಸುಯ್ ಸದ್ದು. ಸ್ಟೇಷನ್ ಸರಿಯಾಗಿ ಸಿಕ್ಕಾಗ ಮುಚ್ಚಿಕೊಳ್ಳುವ ಮ್ಯಾಜಿಕ್ ಐ ಅನ್ನುವ ದೀಪ ಹಸಿರಾಗಿ ಉರಿಯುತ್ತಿದೆ, ಆದರೆ ಎಲ್ಲೂ ಕಣ್ಣು ಮಿಟುಕಿಸುತ್ತಿಲ್ಲ. ಮುಳ್ಳು ಎಲ್ಲಿ ನಿಂತರೂ ರೇಡಿಯೋಗೆ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ ಅಂದರೆ ನಾನು ಮೊದಲು ಅನುಮಾನಿಸುವುದು ಆಸಿಲೇಟರನ್ನೇ.

ಆಸಿಲೇಟರ್ ರೇಡಿಯೋ ಒಳಗೇ ಇರುವ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಹೊರಗಿನ ಸ್ಟೇಷನ್ ಹಿಡಿಯೋಕೆ ಒಳಗೆ ಇನ್ನೊಂದು ಸ್ಟೇಷನ್ ಯಾಕೆ ಬೇಕು ಅಂತ ಕೇಳಬಹುದು. ಬೇರೆ ಬೇರೆ ಸ್ಟೇಷನ್‌ಗಳು ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಬರುತ್ತವೆ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ನಮ್ಮ ಭದ್ರಾವತಿ 675, ಧಾರವಾಡ 765. ಪ್ರತಿಯೊಂದಕ್ಕೂ ಇಡೀ ಸೆಟ್ಟಿನ ಎಲ್ಲಾ ಕಾಯಿಲ್‌ಗಳನ್ನು ಒಟ್ಟಿಗೆ ಹೊಂದಿಸುತ್ತಾ ಹೋಗುವುದು ಕಷ್ಟ. ಅದಕ್ಕೇ 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಒಂದು ಉಪಾಯ ಮಾಡಿದ. ಬಂದ ಸ್ಟೇಷನ್ ಯಾವುದೇ ಇರಲಿ, ಮೊದಲು ಅದನ್ನು ಒಂದೇ ಫ್ರೀಕ್ವೆನ್ಸಿಗೆ ಇಳಿಸಿಬಿಡುವುದು. ಆಮೇಲಿನ ಕೆಲಸವೆಲ್ಲ ಆ ಒಂದರಲ್ಲೇ. ಆ ಒಂದಕ್ಕೆ ಐಎಫ್ (ಇಂಟರ್ಮೀಡಿಯೆಟ್ ಫ್ರೀಕ್ವೆನ್ಸಿ) ಅಂತಾರೆ. ಸಾಮಾನ್ಯವಾಗಿ 455 ಕಿಲೋಹರ್ಟ್ಸ್, ಕೆಲವು ಸೆಟ್‌ಗಳಲ್ಲಿ 470.

ಈ ಇಳಿಸುವ ಕೆಲಸಕ್ಕೆ ಆಸಿಲೇಟರ್ ಬೇಕು. ಅದು ಯಾವಾಗಲೂ ಸ್ಟೇಷನ್‌ಗಿಂತ 455 ಜಾಸ್ತಿಯಲ್ಲಿ ಓಡುತ್ತದೆ. ಧಾರವಾಡದ 765ಕ್ಕೆ 455 ಕೂಡಿಸಿದರೆ 1220. ಬೆಂಗಳೂರಿಗೆ 1067. ಕನ್ವರ್ಟರ್ ವಾಲ್ವ್‌ನಲ್ಲಿ ಇವೆರಡೂ ಬೆರೆತಾಗ ವ್ಯತ್ಯಾಸವಾಗಿ 455 ಹೊರಬರುತ್ತದೆ. ಮುಂದಿನ ಐಎಫ್ ಟ್ರಾನ್ಸ್‌ಫಾರ್ಮರ್‌ಗಳಿಗೆ 455 ಬಿಟ್ಟು ಬೇರೆ ಯಾರ ಪರಿಚಯವೂ ಇಲ್ಲ. ಆಸಿಲೇಟರ್ ನಿಂತರೆ ಅವುಗಳ ಬಾಗಿಲಿಗೆ ಯಾರೂ ಬರುವುದೇ ಇಲ್ಲ. ಏರಿಯಲ್‌ಗೆ ಧಾರವಾಡ ಬಂದು ನಿಂತಿದ್ದರೂ ಒಳಗೆ ಸುದ್ದಿ ಇಲ್ಲ.

ಹಾಗಾದರೆ ಒಂದು ವಾಲ್ವ್ ತನ್ನಷ್ಟಕ್ಕೆ ತಾನೇ ಹೇಗೆ ಕೂಗುತ್ತೆ? ನಮ್ಮ ಕಡೆ ಊರ ಜಾತ್ರೆಯ ನಾಟಕ ನೋಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಪಾತ್ರಧಾರಿ ಮೈಕ್ ಹಿಡಿದು ಸ್ಪೀಕರ್ ಹತ್ತಿರ ಹೋದ ಕೂಡಲೇ ಕುಂಯ್ಯ್ ಅಂತ ಕಿವಿ ಹರಿಯುವ ಸದ್ದು ಬರುತ್ತಲ್ಲ, ಅದೇ ಆಸಿಲೇಟರ್. ಸ್ಪೀಕರ್ ಸದ್ದು ಮೈಕಿಗೆ ಹೋಗುತ್ತೆ, ಮೈಕಿಂದ ಆಂಪ್ಲಿಫೈಯರ್‌ಗೆ, ಅಲ್ಲಿಂದ ಇನ್ನೂ ದೊಡ್ಡದಾಗಿ ಮತ್ತೆ ಸ್ಪೀಕರ್‌ಗೆ. ಸುತ್ತಿ ಸುತ್ತಿ ಕೂಗು ತನ್ನನ್ನು ತಾನೇ ಸಾಕಿಕೊಳ್ಳುತ್ತದೆ. ಮೈಕ್‌ಸೆಟ್ಟಿನವನಿಗೆ ಆ ಕೂಗು ಶತ್ರು. ರೇಡಿಯೋದವನಿಗೆ ಅದೇ ಬೇಕು. ವಾಲ್ವ್ ಇಲ್ಲಿ ಆಂಪ್ಲಿಫೈಯರ್. ಸಿಗ್ನಲ್ ದೊಡ್ಡದಾಗಿ ಹೊರಬರುವ ತುದಿ ಆನೋಡ್, ಒಳಹೋಗುವ ತುದಿ ಗ್ರಿಡ್. ಆನೋಡ್‌ನಲ್ಲಿ ಬಂದದ್ದರ ಒಂದು ಪಾಲನ್ನು ಚಿಕ್ಕ ಕಾಯಿಲ್ ಮೂಲಕ ಮತ್ತೆ ಗ್ರಿಡ್‌ಗೆ ವಾಪಸ್ ಕಳಿಸುತ್ತಾರೆ. ಕೂಗು ಯಾವ ಸ್ವರದಲ್ಲಿರಬೇಕು ಅನ್ನುವುದನ್ನು ಇನ್ನೊಂದು ಕಾಯಿಲ್ ಮತ್ತು ಡಯಲ್ ಮುಳ್ಳಿನ ಜೊತೆ ತಿರುಗುವ ಗ್ಯಾಂಗ್ ಕಂಡೆನ್ಸರ್ ಸೇರಿ ತೀರ್ಮಾನಿಸುತ್ತವೆ.

ಮೈಕಿನ ಕುಂಯ್ ನಿಲ್ಲಿಸೋಕೆ ಆಪರೇಟರ್ ಏನು ಮಾಡ್ತಾನೆ? ಒಂದೋ ವಾಲ್ಯೂಮ್ ಇಳಿಸ್ತಾನೆ, ಇಲ್ಲಾ ಮೈಕನ್ನು ಆ ಕಡೆ ತಿರುಗಿಸ್ತಾನೆ. ರೇಡಿಯೋದಲ್ಲೂ ಕೂಗು ನಿಲ್ಲುವುದು ಹೀಗೆಯೇ. ಒಂದೋ ವಾಲ್ವ್‌ನ ಕಸುವು ಕಮ್ಮಿಯಾಗಿರುತ್ತೆ. ಇಲ್ಲಾ ವಾಪಸ್ ಹೋಗುವ ದಾರಿ ಎಲ್ಲೋ ಕಡಿದಿರುತ್ತೆ. ಸ್ವರ ಕಟ್ಟುವ ಕಾಯಿಲ್, ಕಂಡೆನ್ಸರ್‌ಗಳು ಶಾರ್ಟ್ ಆದರೂ ನಿಲ್ಲುತ್ತೆ. ಬರೀ ಅವುಗಳ ಬೆಲೆ (ವ್ಯಾಲ್ಯೂ) ಬದಲಾಗಿದ್ದರೆ ಕೂಗು ಇರುತ್ತೆ, ಆದರೆ ತಪ್ಪು ಜಾಗದಲ್ಲಿ ಇರುತ್ತೆ. ಆಗ ಸ್ಟೇಷನ್‌ಗಳೂ ಡಯಲ್ ಮೇಲೆ ತಪ್ಪು ಜಾಗದಲ್ಲಿ ಬರುತ್ತವೆ.

ತೆರೆಯುವ ಮುಂಚೆ ಒಂದು ಮಾತು. ವಾಲ್ವ್ ಸೆಟ್ಟಿನಲ್ಲಿ 250 ವೋಲ್ಟ್ ಎಚ್‌ಟಿ (ವಾಲ್ವ್‌ಗಳಿಗೆ ಬೇಕಾದ ಹೈ ಟೆನ್ಷನ್) ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಯುಸಿಎಚ್81 ತರದ, ಯು ಅಕ್ಷರದಿಂದ ಶುರುವಾಗುವ ವಾಲ್ವ್‌ಗಳಿದ್ದರೆ ಅದು ಸಾಮಾನ್ಯವಾಗಿ ಎಸಿ-ಡಿಸಿ ಸೆಟ್. ಅದರ ಚಾಸಿಸ್ಸೇ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ತಗಡೇ, ನೇರವಾಗಿ ಕರೆಂಟಿನ ಒಂದು ವೈರಿಗೆ ಸೇರಿರುತ್ತೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ತಗಡು ಫೇಸ್ ಆಗುತ್ತೆ. ಅಂಥದ್ದನ್ನು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಲೇಬೇಡಿ. ನಾನು ಮೇಲೆ ಹೇಳಿದ ಸ್ಕ್ರೂಡ್ರೈವರ್ ಪರೀಕ್ಷೆಯನ್ನಂತೂ ಅದರಲ್ಲಿ ಮಾಡಲೇಬೇಡಿ. ವರ್ಷಗಟ್ಟಲೆ ಮಲಗಿದ್ದ ಯಾವ ಸೆಟ್ಟನ್ನಾದರೂ ಮೊದಲ ಸಲ ಹಾಕುವಾಗ ಸೀರೀಸ್‌ನಲ್ಲಿ ಒಂದು 60 ವ್ಯಾಟ್‌ನ ಹಳೇ ತರದ ಫಿಲಮೆಂಟ್ ಬಲ್ಬ್ ಇರಲಿ. ಬಲ್ಬ್ ಝಗ್ಗನೆ ಉರಿದು ಹಾಗೇ ನಿಂತರೆ ಆರಿಸಿ, ಶಾರ್ಟ್ ಹುಡುಕಿ.

ಆಸಿಲೇಟರ್ ಓಡುತ್ತಿದೆಯೋ ಇಲ್ಲವೋ ಅನ್ನೋದನ್ನು ಸೆಟ್ ಬಿಚ್ಚದೆಯೇ ತಿಳಿಯಬಹುದು. ಮನೆಯಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಸಾಕು. ಅದನ್ನು ವಾಲ್ವ್ ಸೆಟ್ಟಿನ ಪಕ್ಕಕ್ಕೆ ಒತ್ತಿಟ್ಟು, ಮೀಡಿಯಂ ವೇವ್‌ನಲ್ಲಿ 1220ರ ಆಸುಪಾಸಿಗೆ ತನ್ನಿ. ಈಗ ವಾಲ್ವ್ ಸೆಟ್ಟಿನ ಮುಳ್ಳನ್ನು 765ರ ಸುತ್ತ ನಿಧಾನವಾಗಿ ಆಡಿಸಿ. ಆಸಿಲೇಟರ್ ಜೀವಂತವಿದ್ದರೆ ಒಂದು ಜಾಗದಲ್ಲಿ ಟ್ರಾನ್ಸಿಸ್ಟರ್‌ನ ಸುಯ್ ಸದ್ದು ಫಕ್ಕನೆ ಅಡಗುತ್ತೆ. ಅಲ್ಲೇ ಯಾವುದಾದರೂ ಸ್ಟೇಷನ್ ಬರುತ್ತಿದ್ದರೆ ಸಿಳ್ಳೆ ಕೇಳುತ್ತೆ, ಮುಳ್ಳು ಆಡಿಸಿದಂತೆ ಸಿಳ್ಳೆಯ ಸ್ವರ ಏರಿಳಿಯುತ್ತೆ. ರಾತ್ರಿ ಹೊತ್ತು ದೂರದ ಸ್ಟೇಷನ್‌ಗಳು ಜಾಸ್ತಿ ಬರುವುದರಿಂದ ಸಿಳ್ಳೆ ಸಿಗುವುದು ಸುಲಭ. ಮಾವನ ಸೆಟ್ಟಿನಿಂದ ಏನೂ ಬರಲಿಲ್ಲ. ಮೂರು ಸಲ ಆಡಿಸಿದೆ. ಟ್ರಾನ್ಸಿಸ್ಟರ್ ತನ್ನ ಪಾಡಿಗೆ ತಾನು ಸುಯ್ ಅನ್ನುತ್ತಲೇ ಇತ್ತು.

ಇನ್ನು ಮೀಟರ್. ಮಾವನ ಸೆಟ್ಟಿನಲ್ಲಿದ್ದದ್ದು ಇಸಿಎಚ್81. ಒಂದೇ ಗಾಜಿನೊಳಗೆ ಎರಡು ವಾಲ್ವ್: ಆಸಿಲೇಟರ್‌ಗೆ ಒಂದು ಟ್ರಯೋಡ್, ಬೆರೆಸೋಕೆ ಒಂದು ಹೆಪ್ಟೋಡ್. ಅದರ 9ನೇ ಕಾಲು ಟ್ರಯೋಡ್ ಗ್ರಿಡ್. ಆ ಕಾಲಿನ ವೋಲ್ಟೇಜ್ ಒಂದನ್ನು ಅಳೆದರೆ ಆಸಿಲೇಟರ್‌ನ ನಾಡಿ ಹಿಡಿದಂತೆ.

ಅದು ಹೇಗೆ ಅಂದರೆ, ಆಸಿಲೇಟರ್ ಕೂಗುತ್ತಿರುವಾಗ ಗ್ರಿಡ್ ಪ್ರತಿ ಸಲ ಮೇಲಕ್ಕೆ ಜೀಕಿದಾಗ ಒಂದಿಷ್ಟು ಎಲೆಕ್ಟ್ರಾನ್‌ಗಳನ್ನು, ಅವನ್ನು ಹೊರಬಿಡುವ ಕ್ಯಾಥೋಡ್‌ನಿಂದ ಎಳೆದುಕೊಳ್ಳುತ್ತದೆ. ಅವು ವಾಪಸ್ ಹೋಗಬೇಕಾದರೆ ಗ್ರಿಡ್ ಲೀಕ್ ರೆಸಿಸ್ಟರ್ ಮೂಲಕವೇ ಹೋಗಬೇಕು. ದಾರಿ ಕಿರಿದು, ಎಲೆಕ್ಟ್ರಾನ್‌ಗಳು ಜಾಸ್ತಿ. ಹಾಗಾಗಿ ಗ್ರಿಡ್ ಮೈನಸ್ ಆಗಿ ನಿಲ್ಲುತ್ತದೆ. ಇಸಿಎಚ್81ರಲ್ಲಿ ಈ ರೆಸಿಸ್ಟರ್ ಸಾಮಾನ್ಯವಾಗಿ 47 ಕಿಲೋಓಮ್, ಅದರಲ್ಲಿ ಹರಿಯಬೇಕಾದದ್ದು 200 ಮೈಕ್ರೋ ಆಂಪಿಯರ್ ಸುಮಾರು. ಗುಣಿಸಿದರೆ ಒಂಬತ್ತೂವರೆ ವೋಲ್ಟ್ ಹತ್ತಿರ. ಮೀಟರ್ ಮೈನಸ್ 7, 8, 10 ಅಂತ ತೋರಿಸಿದರೆ ಆಸಿಲೇಟರ್ ಗಟ್ಟಿಯಾಗಿದೆ. ಸೊನ್ನೆಯ ಹತ್ತಿರ ಇದ್ದರೆ ಕೂಗೇ ಇಲ್ಲ.

ಇಲ್ಲಿ ಒಂದು ಎಡವಟ್ಟು ಆಗುತ್ತೆ, ನಾನೂ ಮಾಡಿದ್ದೇನೆ. ಮೀಟರ್ ವೈರನ್ನು ನೇರವಾಗಿ ಗ್ರಿಡ್‌ಗೆ ತಾಗಿಸಿದರೆ ಆ ಉದ್ದನೆಯ ವೈರೇ ಒಂದು ಕಂಡೆನ್ಸರ್ ಆಗಿ, ಓಡುತ್ತಿರುವ ಆಸಿಲೇಟರನ್ನೂ ನಿಲ್ಲಿಸಿಬಿಡುತ್ತದೆ. ಆಮೇಲೆ ನಾವು ಇಲ್ಲದ ರೋಗಕ್ಕೆ ಔಷಧಿ ಹುಡುಕುತ್ತಾ ಕೂರಬೇಕು. ಅದಕ್ಕೆ ಮೀಟರ್ ಮೊನೆಗೆ ಒಂದು 1 ಮೆಗಾಓಮ್ ರೆಸಿಸ್ಟರ್ ಬೆಸೆದು, ಅದರ ತುದಿಯಿಂದ ಮುಟ್ಟಿ. 10 ಮೆಗಾಓಮ್‌ನ ಡಿಜಿಟಲ್ ಮೀಟರ್ ಆದರೆ ಹನ್ನೊಂದರಲ್ಲಿ ಒಂದು ಪಾಲು ಕಮ್ಮಿ ತೋರಿಸುತ್ತೆ, ಅಷ್ಟೇ.

ಮಾವನ ಸೆಟ್ಟಿನಲ್ಲಿ 9ನೇ ಕಾಲಿನಲ್ಲಿ ಸಿಕ್ಕಿದ್ದು ಮೈನಸ್ 0.4.

ಈಗ ಮೊದಲ ಅನುಮಾನ ಕಸುವಿನ ಮೇಲೆ. ಹೊಸ ವಾಲ್ವ್ ಹಾಕಿ ನೋಡುವುದು ಎಲ್ಲರೂ ಮಾಡುವ ಕೆಲಸ, ತಪ್ಪೇನಿಲ್ಲ. ಎಮಿಷನ್, ಅಂದರೆ ಎಲೆಕ್ಟ್ರಾನ್ ಹೊರಬಿಡುವ ಶಕ್ತಿ, ಕುಗ್ಗಿದ ವಾಲ್ವ್ ಬೇರೆ ಕೆಲಸಕ್ಕೆ ನಡೆದರೂ ಆಸಿಲೇಟರ್ ಆಗಿ ಕೈಕೊಡುತ್ತದೆ. ಆದರೆ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ರೇಡಿಯೋ ವಾಲ್ವ್ ಮಾಡುತ್ತಿದ್ದ ಕಾಲ ಹೋಯಿತು. ಈಗ ಒಂದು ವಾಲ್ವ್ ತರಿಸುವ ಮುಂಚೆ ಐದು ನಿಮಿಷ ಮೀಟರ್ ಹಿಡಿಯುವುದು ಜಾಣತನ. ಎಚ್‌ಟಿ 245 ವೋಲ್ಟ್ ಇತ್ತು, ಸರಿ. 8ನೇ ಕಾಲು, ಅಂದರೆ ಟ್ರಯೋಡ್ ಆನೋಡ್, ನೂರರ ಆಸುಪಾಸು ಇರಬೇಕಿತ್ತು. ಸಿಕ್ಕಿದ್ದು 41.

ಎಚ್‌ಟಿಯಿಂದ ಆನೋಡ್‌ಗೆ ಹೋಗುವ ರೆಸಿಸ್ಟರ್ ಮೇಲೆ ಕಿತ್ತಳೆ, ಕಿತ್ತಳೆ, ಕಿತ್ತಳೆ ಪಟ್ಟಿ. 33 ಕಿಲೋಓಮ್. ಪ್ಲಗ್ ಕಿತ್ತು, ಕಂಡೆನ್ಸರ್ ಖಾಲಿ ಮಾಡಿ, ಒಂದು ಕಾಲು ಬಿಡಿಸಿ ಅಳೆದೆ. 112 ಕಿಲೋಓಮ್. ಹಳೇ ಕಾರ್ಬನ್ ರೆಸಿಸ್ಟರ್‌ಗಳ ಗುಣವೇ ಇದು. ಬಿಸಿ, ತೇವ, ವಯಸ್ಸು ಸೇರಿ ಬೆಲೆ ಏರುತ್ತಾ ಹೋಗುತ್ತದೆ. ನೋಡೋಕೆ ಮಾತ್ರ ಮದುವಣಗಿತ್ತಿ ತರ ಇರುತ್ತವೆ. ಸುಟ್ಟ ಗುರುತಿಲ್ಲ, ಬಣ್ಣ ಮಾಸಿಲ್ಲ. ಅದಕ್ಕೇ ಕಣ್ಣಲ್ಲಿ ನೋಡಿ "ಎಲ್ಲಾ ಸರಿ ಇದೆ" ಅನ್ನುವವರನ್ನು ನಾನು ನಂಬಲ್ಲ.

ಹೊಸ 33 ಕಿಲೋಓಮ್, 1 ವ್ಯಾಟ್ ಹಾಕಿದೆ. ಆನೋಡ್ 98 ವೋಲ್ಟ್‌ಗೆ ಬಂತು. ಗ್ರಿಡ್ ಮೈನಸ್ 7. ಮುಳ್ಳು ತಿರುಗಿಸಿದರೆ 1500ರ ಕಡೆ ಏನೋ ಗುಜುಗುಜು, ಯಾವುದೋ ಭಾಷೆ. ರಾತ್ರಿ ಒಂಬತ್ತಾಗಿತ್ತು. ಖುಷಿಯಲ್ಲಿ ಮಾವನಿಗೆ ಫೋನ್ ಮಾಡಿಬಿಟ್ಟೆ. ಅದು ತಪ್ಪಾಯಿತು. ಅವರು ಕೇಳಿದ್ದು ಒಂದೇ ಮಾತು, "ಧಾರವಾಡ ಬಂತಾ?"

ಬಂದಿರಲಿಲ್ಲ. 850ಕ್ಕಿಂತ ಕೆಳಗೆ ಇಳಿದರೆ ರೇಡಿಯೋ ಮತ್ತೆ ಮೂಕ. ಮೀಟರ್ ಹಿಡಿದುಕೊಂಡೇ ಮುಳ್ಳು ಇಳಿಸಿದೆ. ಮೈನಸ್ 7, 5, 3, ಆಮೇಲೆ ಸೊನ್ನೆ.

ಆಸಿಲೇಟರ್ ಕಾಯಿಲೆಗಳಲ್ಲಿ ಇದೊಂದು ಮಾಮೂಲಿ ಲಕ್ಷಣ. ಬ್ಯಾಂಡಿನ ಕೆಳತುದಿಗೆ ಹೋದಂತೆ ಗ್ಯಾಂಗ್ ಕಂಡೆನ್ಸರ್ ಪೂರ್ತಿ ಮುಚ್ಚಿಕೊಳ್ಳುತ್ತದೆ, ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಅಳತೆ) ಜಾಸ್ತಿಯಾಗುತ್ತೆ. ಅಲ್ಲಿ ಕೂಗನ್ನು ಸಾಕೋಕೆ ಜಾಸ್ತಿ ಕಸುವು ಬೇಕು. ದುರ್ಬಲ ಆಸಿಲೇಟರ್ ಮೇಲಿನ ತುದಿಯಲ್ಲಿ ಹೇಗೋ ಏಗುತ್ತದೆ, ಕೆಳಗೆ ಬಂದು ಕೈಚೆಲ್ಲುತ್ತದೆ. ಹಿಂದೆ ಹಳ್ಳಿಗಳಲ್ಲಿ ಸಂಜೆ ಕರೆಂಟ್ 180ಕ್ಕೆ ಇಳಿದಾಗ ಸ್ಟೇಷನ್ ಮಾಯವಾಗಿ, ರಾತ್ರಿ ವೋಲ್ಟೇಜ್ ಏರಿದ ಮೇಲೆ ತಾನೇ ಬರುತ್ತಿದ್ದದ್ದಕ್ಕೂ ಎಷ್ಟೋ ಸಲ ಇದೇ ಕಾರಣ. ಬ್ಯಾಟರಿ ವಾಲ್ವ್ ಸೆಟ್‌ಗಳಲ್ಲೂ ಅಷ್ಟೇ. ಬ್ಯಾಟರಿ ಇಳಿದಾಗ ಕನ್ವರ್ಟರ್ ವಾಲ್ವ್ ಮೊದಲು ಸೋಲುತ್ತಿತ್ತು, ಸದ್ದು ಇನ್ನೂ ಇರುತ್ತಿತ್ತು.

ಆನೋಡ್ ವೋಲ್ಟೇಜ್ ಈಗ ಸರಿ ಇದೆ. ಹಾಗಾದರೆ ಕೂಗಿನ ದಾರಿಯಲ್ಲೇ ಎಲ್ಲೋ ಸೋರುತ್ತಿದೆ, ಇಲ್ಲಾ ಬಿಗಿಯಾಗುತ್ತಿದೆ. ಕಾಯಿಲ್ ಅಳೆದೆ. ಟ್ಯೂನಿಂಗ್ ಕಾಯಿಲ್ 4 ಓಮ್, ವಾಪಸ್ ಕಳಿಸುವ ಚಿಕ್ಕ ಕಾಯಿಲ್ ಒಂದೂವರೆ. ಎರಡೂ ಸರಿ. ಇವು ಕೂದಲಿನಷ್ಟು ತೆಳು ತಂತಿಯವು, ಬೆಸುಗೆ ಹಾಕಿದ ಜಾಗದಲ್ಲಿ ಹಸಿರು ಕಿಲುಬು ಹಿಡಿದು ತುಂಡಾಗುವುದುಂಟು. ಭೂತಗನ್ನಡಿಯಲ್ಲಿ ನೋಡಿದೆ, ಇಲ್ಲಿ ಹಾಗಾಗಿರಲಿಲ್ಲ. (ಯಾರಾದರೂ ಹಿಂದೆ ಕಾಯಿಲ್ ಬಿಚ್ಚಿ ಅದರ ಎರಡು ತುದಿ ಅದಲುಬದಲು ಬೆಸೆದಿದ್ದರೆ ಆಸಿಲೇಟರ್ ಜನ್ಮದಲ್ಲಿ ಓಡಲ್ಲ. ಕೂಗನ್ನು ಬೆಳೆಸುವ ಬದಲು ಅದೇ ಕಾಯಿಲ್ ಅಡಗಿಸುತ್ತೆ.) ಗ್ರಿಡ್ ಲೀಕ್ 51 ಕಿಲೋಓಮ್, ಪರವಾಗಿಲ್ಲ. ಅದೇನಾದರೂ ವಿಪರೀತ ಏರಿದ್ದರೆ ರೋಗ ಬೇರೆ ತರ ಇರುತ್ತಿತ್ತು. ಎಲೆಕ್ಟ್ರಾನ್‌ಗಳು ಬೇಗ ಇಳಿಯಲಾರದೆ ಗ್ರಿಡ್ ಕಟ್ಟಿಕೊಳ್ಳುತ್ತದೆ, ಕೂಗು ನಿಲ್ಲುತ್ತದೆ, ನಿಧಾನಕ್ಕೆ ಇಳಿದ ಮೇಲೆ ಮತ್ತೆ ಶುರು. ಸ್ಪೀಕರ್‌ನಲ್ಲಿ ದೂರದ ಡೀಸೆಲ್ ಪಂಪ್‌ಸೆಟ್ ತರ ಪುಟುಪುಟು ಕೇಳುತ್ತೆ.

ಉಳಿದದ್ದು ಬ್ಯಾಂಡ್ ಸ್ವಿಚ್. ಮೀಡಿಯಂ ವೇವ್, ಶಾರ್ಟ್ ವೇವ್ ಕಾಯಿಲ್‌ಗಳನ್ನು ಬದಲಾಯಿಸುವ ಈ ಸ್ವಿಚ್ಚಿನ ಮೂಲಕವೇ ಆಸಿಲೇಟರ್‌ನ ಪೂರ್ತಿ ಸುತ್ತು ಹಾದುಹೋಗುತ್ತದೆ. ಇದನ್ನು ಮೊದಲೇ ನೋಡಬೇಕಿತ್ತು ಅಂತ ನನಗೇ ಬೈದುಕೊಂಡೆ. ಟಾರ್ಚ್ ಬಿಟ್ಟು ನೋಡಿದರೆ ಬೆಳ್ಳಿ ಲೇಪದ ಕಾಂಟ್ಯಾಕ್ಟ್‌ಗಳೆಲ್ಲ ಹಳೇ ಬೆಳ್ಳಿ ಕಾಲುಗೆಜ್ಜೆ ತರ ಕಪ್ಪಾಗಿದ್ದವು. ಮೇಲೆ ಎಷ್ಟೋ ವರ್ಷದ ಎಣ್ಣೆ ಹೊಗೆ ಮತ್ತು ದೂಳಿನ ಅಂಟು. ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಹತ್ತಿರದ ಮನೆಗಳ ಸೆಟ್‌ಗಳಲ್ಲಿ ಇಂಥ ಸ್ವಿಚ್ ನೋಡಿದ್ದೆ. ದುರ್ಗದ್ದೂ ಕಮ್ಮಿಯೇನಿರಲಿಲ್ಲ. ಒಂದು ಕಾಂಟ್ಯಾಕ್ಟ್‌ಗೆ ಮೀಟರ್ ಇಟ್ಟರೆ 38 ಓಮ್, ನಾಬ್ ಸ್ವಲ್ಪ ಅಲುಗಿಸಿದರೆ 12, ಬಿಟ್ಟರೆ 50. ಅಲ್ಲಿ ಒಂದು ಓಮ್ ಕೂಡ ಇರಬಾರದು. ನಾಲ್ಕು ಓಮ್ ಕಾಯಿಲ್‌ಗೆ ಐವತ್ತು ಓಮ್‌ನ ಸರಪಳಿ ಕಟ್ಟಿದರೆ ಅದು ಏನು ಕೂಗೀತು?

ಕಾಂಟ್ಯಾಕ್ಟ್ ಕ್ಲೀನರನ್ನು ಸ್ವಿಚ್ ಮೇಲೆಲ್ಲ ಸುರಿಯುವವರಿದ್ದಾರೆ, ನಾನು ಹಾಗೆ ಮಾಡಲ್ಲ. ಹಳೇ ಸ್ವಿಚ್ಚಿನ ಕಂದು ಹಲಗೆ ಅದನ್ನು ಹೀರಿಕೊಂಡು ಹಾಳಾಗುತ್ತದೆ. ಕಡ್ಡಿ ತುದಿಗೆ ಒಂದು ಹನಿ, ಕಾಂಟ್ಯಾಕ್ಟ್‌ಗೆ ಮಾತ್ರ, ಆಮೇಲೆ ನಾಬ್ ಮೂವತ್ತು ನಲವತ್ತು ಸಲ ತಿರುಗಿಸುವುದು. ಸ್ಯಾಂಡ್‌ಪೇಪರ್ ಬೇಡವೇ ಬೇಡ, ಬೆಳ್ಳಿ ಲೇಪವೇ ಕಿತ್ತುಹೋಗುತ್ತೆ. ಅದೇ ಹೊತ್ತಿಗೆ ಗ್ಯಾಂಗ್ ಕಂಡೆನ್ಸರ್‌ನ ತಿರುಗುವ ಕಡ್ಡಿಗೆ ಒತ್ತಿಕೊಂಡಿರುವ ಹಿತ್ತಾಳೆ ಸ್ಪ್ರಿಂಗ್‌ಗೂ ಒಂದು ಹನಿ. ಗ್ಯಾಂಗಿನ ತಗಡಿನ ಎಲೆಗಳ ನಡುವೆ ಜಿರಲೆ ಕಾಲು, ಲೋಹದ ಚೂರು ಸಿಕ್ಕಿಕೊಂಡಿದ್ದರೆ ಡಯಲ್‌ನ ಒಂದೇ ಜಾಗದಲ್ಲಿ ಪಟಪಟ ಅಂದು ಸದ್ದು ನಿಲ್ಲುತ್ತೆ. ಒಣ ಬ್ರಷ್ ಸಾಕು.

ಮತ್ತೆ ಪ್ಲಗ್ ಹಾಕಿದೆ. 1500ರಲ್ಲಿ ಮೈನಸ್ 9.1. ಸಾವಕಾಶ ಇಳಿಸುತ್ತಾ ಬಂದೆ. 550ರಲ್ಲೂ ಮೈನಸ್ 6.2.

ಇಷ್ಟೆಲ್ಲ ಹೊತ್ತು ನಾನು ಮುಟ್ಟದೇ ಬಿಟ್ಟದ್ದು ಎರಡು: ಟ್ರಿಮ್ಮರ್, ಪ್ಯಾಡರ್ ಅನ್ನುವ, ತಿರುವಿ ಹೊಂದಿಸುವ ಪುಟ್ಟ ಕಂಡೆನ್ಸರ್‌ಗಳು. ಸ್ಟೇಷನ್ ಬರಲಿಲ್ಲ ಅಂದ ಕೂಡಲೇ ಸ್ಕ್ರೂಡ್ರೈವರ್ ತಗೊಂಡು ಇವನ್ನು ತಿರುವೋರು ತುಂಬಾ ಜನ. ಇವು ಯಾಕಿವೆ ಅಂತ ಗೊತ್ತಾದರೆ ಆ ಕೈ ತಾನೇ ಹಿಂದೆ ಸರಿಯುತ್ತದೆ.

ಗ್ಯಾಂಗ್‌ನಲ್ಲಿ ಸಾಮಾನ್ಯವಾಗಿ ಒಂದೇ ಅಳತೆಯ ಎರಡು ಕಂಡೆನ್ಸರ್, ಒಂದೇ ಕಡ್ಡಿಗೆ. ಒಂದು ಏರಿಯಲ್ ಕಡೆಗೆ, ಇನ್ನೊಂದು ಆಸಿಲೇಟರ್‌ಗೆ. ಏರಿಯಲ್ ಕಡೆಯದು 525ರಿಂದ 1605ರವರೆಗೆ ಓಡಬೇಕು, ಅಂದರೆ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಆಸಿಲೇಟರ್ 980ರಿಂದ 2060ರವರೆಗೆ, ಬರೀ ಎರಡು ಪಟ್ಟು. ಫ್ರೀಕ್ವೆನ್ಸಿ ಮೂರು ಪಟ್ಟು ಬದಲಾಗಲು ಕೆಪಾಸಿಟೆನ್ಸ್ ಒಂಬತ್ತು ಪಟ್ಟು ಬದಲಾಗಬೇಕು, ಎರಡು ಪಟ್ಟಿಗೆ ನಾಲ್ಕೂ ಚಿಲ್ಲರೆ ಸಾಕು. ಒಂದೇ ಕಡ್ಡಿಯ ಮೇಲಿನ ಅವಳಿಗಳು ಬೇರೆ ಬೇರೆ ಹೆಜ್ಜೆ ಹಾಕಬೇಕಲ್ಲ, ಅದಕ್ಕೆ ಆಸಿಲೇಟರ್ ಕಡೆಯವನ ಕಾಲಿಗೆ ಪ್ಯಾಡರ್ ಅನ್ನುವ ಕಂಡೆನ್ಸರನ್ನು ಸೀರೀಸ್‌ನಲ್ಲಿ ಕಟ್ಟುತ್ತಾರೆ. ಇದು ಡಯಲ್‌ನ ಕೆಳತುದಿಯನ್ನು ಸರಿಯಾಗಿಡುತ್ತದೆ, ಟ್ರಿಮ್ಮರ್ ಮೇಲಿನ ತುದಿಯನ್ನು. (455 ಕೂಡಿಸುವ ಬದಲು ಕಳೆದಿದ್ದರೆ ಆಸಿಲೇಟರ್ 70ರಿಂದ 1150ರವರೆಗೆ, ಹದಿನಾರು ಪಟ್ಟು ಓಡಬೇಕಿತ್ತು. ಅಂಥ ಗ್ಯಾಂಗ್ ಯಾರೂ ಮಾಡಲಾರರು. ಮೇಲಿನ ಕಡೆಗೇ ಓಡಿಸುವುದು ಅದಕ್ಕೆ.) ಇವೆರಡನ್ನೂ ತಿರುವಿಬಿಟ್ಟರೆ ನಿಂತ ಆಸಿಲೇಟರ್ ಓಡಲ್ಲ. ಓಡಿದ ಮೇಲೆ ಡಯಲ್ ಮೇಲಿನ ಒಂದು ಅಂಕಿಯೂ ನಿಜ ಹೇಳಲ್ಲ. ಸ್ಟೇಷನ್‌ಗಳು ಕೆಳತುದಿಯಲ್ಲಿ ಮಾತ್ರ ಜರುಗಿದ್ದರೆ ಆಗ ಪ್ಯಾಡರ್ ಮೇಲೆ ಅನುಮಾನ ಪಡಿ. ಹಳೇ ಮೈಕಾ ಕಂಡೆನ್ಸರ್ ಬೆಲೆ ಬದಲಾಗುವುದುಂಟು.

ಮಾವನ ಸೆಟ್ಟಿನ ಡಯಲ್ ಗಾಜಿನ ಮೇಲೆ, ಮೂಲೆಯ ದೂಳು ಒರೆಸಿದಾಗ, ಕೆಂಪು ಬಾಲ್‌ಪೆನ್ನಿನ ಒಂದು ಸಣ್ಣ ಗೆರೆ ಕಂಡಿತ್ತು. ಪಕ್ಕದಲ್ಲಿ ಮಕ್ಕಳ ಅಕ್ಷರದಲ್ಲಿ "ಧಾ". ಎಂಬತ್ತರ ದಶಕದಲ್ಲಿ, ಶಾಲೆಗೆ ಹೋಗುವಾಗ, ಮಾವನೇ ಹಾಕಿದ್ದಂತೆ. ಬೆಳಿಗ್ಗೆ ಏರಿಯಲ್ ವೈರನ್ನು ಕಿಟಕಿಯಿಂದ ಹೊರಗೆ ಎಳೆದು ಮುಳ್ಳನ್ನು ಆ ಗೆರೆಯ ಮೇಲೆ ತಂದೆ. ಹಸಿರು ಕಣ್ಣು ಮುಚ್ಚಿಕೊಂಡಿತು. ಧಾರವಾಡ ಅಲ್ಲೇ ಇತ್ತು.